ಅಣಕ ಮೊದಲು, ಅಸಲು ಆಮೇಲೆ

ಪ್ರಶ್ನೆ: ನಾವು ಇರೋದು ಮುಂಬೈ ಹತ್ತಿರದ ಡೊಂಬಿವಲಿ, ಊರು ಧಾರವಾಡ. ಹದಿನಾಲ್ಕು ವರ್ಷದ ಮಗ ಮೊಬೈಲಿನಲ್ಲಿ ದಿ ಸಿಂಪ್ಸನ್ಸ್ ಅನ್ನೋ ಅಮೆರಿಕದ ಕಾರ್ಟೂನ್ ನೋಡುತ್ತಾನೆ. ಒಂದು ದಿನ ಪಕ್ಕದಲ್ಲಿ ಕೂತು ನೋಡಿದೆ. ಅವನು ಬಿದ್ದು ಬಿದ್ದು ನಗುತ್ತಾನೆ, ನನಗೆ ನಗುವೇ ಬರಲಿಲ್ಲ. ಕೇಳಿದರೆ ‘ಇದು ಒಂದು ಹಳೇ ಪಿಕ್ಚರ್‌ನ ಸ್ಪೂಫ್, ಅಮ್ಮಾ’ ಅಂತಾನೆ. ಆ ಪಿಕ್ಚರ್ ನೋಡಿದ್ದೀಯಾ ಅಂದರೆ ಅವನೂ ನೋಡಿಲ್ಲ! ನೋಡದ ಸಿನಿಮಾದ ಅಣಕಕ್ಕೆ ನಗು ಬರೋದು ಹೇಗೆ? ಇನ್ನೊಬ್ಬರ ಸಿನಿಮಾದ ದೃಶ್ಯ ಎತ್ತಿಕೊಂಡು ಕಾರ್ಟೂನ್ ಮಾಡಿದರೆ ಕಳ್ಳತನ ಆಗುವುದಿಲ್ಲವೇ? ಅಂಗಡಿಯ ಅಪು ಎಂಬ ಭಾರತೀಯನನ್ನು ಕಂಡು ಸ್ವಲ್ಪ ಕಸಿವಿಸಿಯೂ ಆಯಿತು. ಅದನ್ನೂ ತಿಳಿಸಿ.

ಉತ್ತರ: ನಿಮ್ಮ ಮಗ ನಾಟಕ ಆಡುತ್ತಿಲ್ಲ. ನೋಡದ ಸಿನಿಮಾದ ಅಣಕಕ್ಕೆ ನಗು ಬರುತ್ತದೆ, ಅದೂ ಹೊಟ್ಟೆ ಹುಣ್ಣಾಗುವಷ್ಟು. ನಾನು ಇಪ್ಪತ್ತು ವರ್ಷಕ್ಕೂ ಜಾಸ್ತಿ ಅಂಧೇರಿ, ಗೋರೆಗಾಂವ್ ಕಡೆಯ ಸ್ಟುಡಿಯೋಗಳಲ್ಲಿ ಕಾರ್ಟೂನ್‌ಗಳಿಗೆ ಹಿಂದಿ, ಕನ್ನಡ ಮಾತು ಬರೆದವನು. ಬೇರೆ ದೇಶದ ನಗುವನ್ನು ನಮ್ಮವರ ಬಾಯಿಗೆ ಹೊಂದಿಸೋದೇ ಹೊಟ್ಟೆಪಾಡು. ನೀವು ಕೇಳಿದ್ದು ನಮಗೆ ಕೆಲಸದಲ್ಲಿ ದಿನಾ ಎದುರಾಗುವ ಪ್ರಶ್ನೆ. ಹಾಗಾಗಿ ಉತ್ತರ ಉದ್ದ ಆದೀತು, ಚಹಾ ಇಟ್ಟುಕೊಂಡೇ ಓದಿ.

ಅಮೆರಿಕಕ್ಕೆ ಹೋಗುವ ಮೊದಲು ಒಮ್ಮೆ ಕೈಲಾಸಂ ಅವರನ್ನು ನೆನೆಯೋಣ. ಮೊದಲ ಮಹಾಯುದ್ಧದ ಹೊತ್ತಿಗೆ ಬ್ರಿಟಿಷ್ ಸಿಪಾಯಿಗಳ ಬಾಯಲ್ಲಿ ಟಿಪ್ಪರರಿ ಅನ್ನುವ ಐರ್ಲೆಂಡಿನ ಊರು ಎಷ್ಟು ದೂರ ಅಂತ ಹೇಳುವ ಹಾಡೊಂದು ಓಡಾಡುತ್ತಿತ್ತು. ಲಂಡನ್ನಿನಲ್ಲಿ ಓದಿ ಬಂದ ಕೈಲಾಸಂ ಅದೇ ಧಾಟಿಯಲ್ಲಿ ತಿಪ್ಪಾರಳ್ಳಿಯ ಹಾಡು ಕಟ್ಟಿದರು. ಟಿಪ್ಪರರಿ ಹೋಗಿ ತಿಪ್ಪಾರಳ್ಳಿ! ಅದನ್ನು ಹಾಡಿ ನಕ್ಕ ನಮ್ಮ ಅಜ್ಜ-ಅಜ್ಜಿಯರಲ್ಲಿ ಎಷ್ಟು ಜನ ಮೂಲ ಇಂಗ್ಲಿಷ್ ಹಾಡು ಕೇಳಿದ್ದರು? ನನ್ನ ಅಜ್ಜಿಯಂತೂ ಕೇಳಿರಲಿಲ್ಲ. ಆದರೂ ಅವರಿಗೆ ಅದು ಪೂರಾ ಹಾಡು. ಊರು, ದೂರ, ನಡಿಗೆ, ಧಾಟಿಯ ಕುಣಿತ ಎಲ್ಲವೂ ಅದರಲ್ಲೇ ಇತ್ತು. ಇಂಗ್ಲಿಷ್ ಹಾಡು ಗೊತ್ತಿದ್ದ ಮೇಷ್ಟ್ರುಗಳಿಗೆ ಮಾತ್ರ ಇನ್ನೂ ಒಂದು ಚೂರು ನಗು ಮೇಲೆ ಸಿಕ್ಕಿತು.

ಮುಂಬೈಯ ಬಟ್ಟೆ ಗಿರಣಿಗಳ ಪ್ರದೇಶ ಗಿರಣಗಾಂವ್ ಕಡೆಯ ಹಳೇ ಚಾಳುಗಳಲ್ಲಿ ಪೋಟಮಾಳಾ ಅಂತ ಇರುತ್ತಿತ್ತಲ್ಲ, ಖೋಲಿಯ, ಅಂದರೆ ಕೋಣೆಯ, ಒಳಗೇ ಕಟ್ಟಿದ ಅಟ್ಟ. ಸಂಸಾರ ನಡೆಯುವುದು ಕೆಳಗೆ. ಏಣಿ ಹತ್ತಿದರೆ ಮೇಲೆ ಇನ್ನೊಂದಿಷ್ಟು ಜಾಗ. ಒಳ್ಳೆಯ ಅಣಕವೂ ಅಷ್ಟೇ. ಕೆಳಗಿನ ಖೋಲಿ ಮೊದಲು ಗಟ್ಟಿ ಇರಬೇಕು. ಏಣಿ ಹತ್ತಲು ಬಾರದವರೂ ಅಲ್ಲಿ ಕೂತು ಉಣ್ಣುವ ಹಾಗಿರಬೇಕು. ನಿಮ್ಮ ಮಗ ಈಗ ಕೆಳಗಿನ ಖೋಲಿಯಲ್ಲಿ ನಗುತ್ತಿದ್ದಾನೆ.

ಒಂದು ಕಂತನ್ನು ಬಿಡಿಸಿ ತೋರಿಸುತ್ತೇನೆ. ದಿ ಸಿಂಪ್ಸನ್ಸ್ 1987ರಲ್ಲಿ ಬೇರೆ ಒಂದು ಕಾರ್ಯಕ್ರಮದ ನಡುವೆ ಬರುವ ತುಣುಕುಗಳಾಗಿ ಶುರುವಾಯಿತು, 1989ರ ಡಿಸೆಂಬರ್‌ನಿಂದ ಅರ್ಧ ಗಂಟೆಯ ಧಾರಾವಾಹಿ ಆಯಿತು. 1993ರ ಅಕ್ಟೋಬರ್‌ನಲ್ಲಿ ಕೇಪ್ ಫಿಯರ್ ಅನ್ನುವ ಸಿನಿಮಾದ ಅಣಕ ಬಂತು. ಕಂತಿನ ಹೆಸರೂ ಅದೇ, ಇಂಗ್ಲಿಷಿನಲ್ಲಿ ಬರೆಯುವಾಗ ಕೊನೆಗೆ ಒಂದು ‘ಇ’ ಅಕ್ಷರ ಜಾಸ್ತಿ. ಆ ಸಿನಿಮಾ ಮಾರ್ಟಿನ್ ಸ್ಕೋರ್ಸೆಸಿ 1991ರಲ್ಲಿ ಮಾಡಿದ್ದು. ಅದೂ ಹೊಸದಲ್ಲ, 1962ರ ಸಿನಿಮಾದ ರೀಮೇಕ್. ಆ 1962ರದ್ದಕ್ಕೂ ಹಿಂದೆ ಒಂದು ಕಾದಂಬರಿ ಇದೆ. ಅಂದರೆ ಈ ಕಂತಿನಲ್ಲಿ ಇರೋದು ಅಣಕದ ಕೆಳಗೆ ರೀಮೇಕ್, ಅದರ ಕೆಳಗೆ ಸಿನಿಮಾ, ಅದರ ಕೆಳಗೆ ಪುಸ್ತಕ!

ಕಥೆ ಇಷ್ಟು: ಜೈಲಿನಿಂದ ಬಿಡುಗಡೆಯಾದ ಸೈಡ್‌ಶೋ ಬಾಬ್ ತನ್ನನ್ನು ಹಿಡಿಸಿಕೊಟ್ಟ ಸಿಂಪ್ಸನ್ಸ್ ಮನೆಯ ಹುಡುಗ ಬಾರ್ಟ್‌ನನ್ನು ಮುಗಿಸಲು ಹೊರಡುತ್ತಾನೆ. ಸಿನಿಮಾದಲ್ಲಿ ಖಳ ಕಾರಿನ ಅಡಿಗೆ ತನ್ನನ್ನೇ ಕಟ್ಟಿಕೊಂಡು ಕುಟುಂಬದ ಬೆನ್ನು ಹತ್ತುತ್ತಾನೆ. ನೋಡಿದರೆ ಮೈ ಜುಂ ಅನ್ನುತ್ತದೆ. ಕಾರ್ಟೂನಿನಲ್ಲೂ ಬಾಬ್ ಅದನ್ನೇ ಮಾಡುತ್ತಾನೆ. ಆದರೆ ಇಲ್ಲಿ ಕಾರು ಕಳ್ಳಿ ಗಿಡಗಳ ಮೇಲೆ ಹಾದು ಹೋಗುತ್ತದೆ. ಸಿನಿಮಾದ ಹೆದರಿಕೆಯಲ್ಲಿ ಯಾರೂ ಕೇಳದ ಪ್ರಶ್ನೆಯನ್ನು ಕಾರ್ಟೂನ್ ಕೇಳಿಬಿಟ್ಟಿತು: ಅಷ್ಟು ದೂರ ಕಾರಿನ ಅಡಿಗೆ ಜೋತು ಬಿದ್ದವನ ಬೆನ್ನಿನ ಗತಿ ಏನು?

ಇದು ಅಣಕ. ದೃಶ್ಯವನ್ನು ಎತ್ತಿಕೊಂಡು, ಅದರ ಒಳಗಿನ ಒಂದು ಸಡಿಲ ಹೊಲಿಗೆಯನ್ನು ಹಿಡಿದು ಎಳೆಯೋದು.

ಮುಂದೆ ಬರೋದು ಇನ್ನೂ ಮಜಾ. ಬಾಬ್ ಕಾರಿನ ಅಡಿಯಿಂದ ಹೊರಗೆ ಬರುತ್ತಾನೆ. ಸುತ್ತ ರೇಕ್‌ಗಳು ಬಿದ್ದಿವೆ. ತೋಟದಲ್ಲಿ ತರಗೆಲೆ ಎಳೆಯುವ ಹಲ್ಲಿನ ಕೋಲು ಇದೆಯಲ್ಲ, ಅದು. ಹಲ್ಲಿನ ಮೇಲೆ ಕಾಲಿಟ್ಟರೆ ಕೋಲು ಎದ್ದು ಮುಖಕ್ಕೆ ರಪ್ ಅಂತ ಬಡಿಯುತ್ತದೆ. ಒಂದಲ್ಲ, ಎರಡಲ್ಲ, ಒಂಬತ್ತು ಸಲ. ಇದಕ್ಕೂ ಸ್ಕೋರ್ಸೆಸಿಯ ಸಿನಿಮಾಗೂ ಸಂಬಂಧವೇ ಇಲ್ಲ. ಕಂತು ಸಮಯಕ್ಕೆ ಗಿಡ್ಡ ಬಿತ್ತು, ತುಂಬಿಸಬೇಕಿತ್ತು, ಅದಕ್ಕೆ ಇದ್ದ ಪೆಟ್ಟನ್ನೇ ಮತ್ತೆ ಮತ್ತೆ ಹಾಕಿದರು. ಮೊದಲ ಪೆಟ್ಟಿಗೆ ನಗು ಬರುತ್ತದೆ. ಮೂರನೆಯದಕ್ಕೆ ಸಾಕು ಅನಿಸುತ್ತದೆ. ಐದನೆಯದಕ್ಕೆ ಬೇಜಾರು. ಏಳರ ಹೊತ್ತಿಗೆ ಆ ಬೇಜಾರೇ ನಗುವಾಗಿ ಉಕ್ಕುತ್ತದೆ. ಇವತ್ತಿಗೂ ಆ ಕಂತು ಅಂದರೆ ಜನರಿಗೆ ನೆನಪಾಗುವುದು ರೇಕ್. ಇದು ಕೆಳಗಿನ ಖೋಲಿಯ ನಗು, ಸಿನಿಮಾ ಜ್ಞಾನ ಬೇಕಿಲ್ಲ. ಹಿಂದೆ ಕೇಳಿಸುವ ಆ ಭಾರದ, ಹೆದರಿಸುವ ಸಂಗೀತ ಮಾತ್ರ ಕೇಪ್ ಫಿಯರ್‌ಗೆ ಬರ್ನಾರ್ಡ್ ಹರ್ಮನ್ ಮಾಡಿದ್ದೇ. ಅದು ಅಟ್ಟ.

ಇಲ್ಲಿ ಎರಡು ಬೇರೆ ಬೇರೆ ಸಾಮಾನುಗಳನ್ನು ಬೇರೆ ಮಾಡಿ ಇಡಬೇಕು. ನಮ್ಮ ಕನ್ನಡ ಸಂಘಗಳ ವಾರ್ಷಿಕೋತ್ಸವದಲ್ಲಿ ಮಿಮಿಕ್ರಿ ಇದ್ದೇ ಇರುತ್ತದೆ. ಒಬ್ಬ ಬಂದು ರಾಜ್‌ಕುಮಾರ್ ದನಿ ತೆಗೆಯುತ್ತಾನೆ, ಜನ ಚಪ್ಪಾಳೆ ತಟ್ಟುತ್ತಾರೆ. ಏಕೆ? ಗುರುತು ಸಿಕ್ಕಿತು ಅಂತ. ಅಷ್ಟೇ. ಗುರುತು ಸಿಕ್ಕ ಖುಷಿ ಬೇರೆ, ಅಣಕದ ನಗು ಬೇರೆ. ಅದೇ ಮಿಮಿಕ್ರಿಯವನು ರಾಜ್‌ಕುಮಾರ್ ದನಿಯಲ್ಲಿ, ಪೌರಾಣಿಕ ಸಿನಿಮಾದ ಠೀವಿಯಲ್ಲಿ, ಡೊಂಬಿವಲಿ ಫಾಸ್ಟ್ ಲೋಕಲ್ ರೈಲಿನಲ್ಲಿ ಮೂವರ ಬೆಂಚಿನ ಮೇಲೆ ನಾಲ್ಕನೇ ಸೀಟು ಕೇಳಿದರೆ? ‘ಎಲೈ ಸಹಪ್ರಯಾಣಿಕನೇ, ಕಿಂಚಿತ್ ಸರಿದು ಕೂರುವಂಥವನಾಗು!’ ಈಗ ಅದು ಅಣಕ ಆಯಿತು. ಆ ಠೀವಿಗೂ ಈ ಸೀಟಿಗೂ ನಡುವೆ ಇರುವ ಅಂತರದಲ್ಲಿ ನಗು ಹುಟ್ಟುತ್ತದೆ. ರಾಜ್‌ಕುಮಾರ್ ಗೊತ್ತಿಲ್ಲದ ಮರಾಠಿ ಪ್ರಯಾಣಿಕನೂ ನಗುತ್ತಾನೆ, ಯಾಕಂದರೆ ನಾಲ್ಕನೇ ಸೀಟು ಅವನಿಗೆ ಗೊತ್ತು.

ಕೈಗೆಟುಕುವ ವಸ್ತುವಿನ ಮೇಲೆ ಭಾರೀ ಶೈಲಿ ಹೇರೋದು ಅಣಕದ ಬಹಳ ಹಳೇ ದಾರಿ. ಕೇಪ್ ಫಿಯರ್ ಕಂತು ಬಂದ ಎರಡೇ ವಾರಕ್ಕೆ ಸಿಂಪ್ಸನ್ಸ್‌ನವರು ರೋಸ್‌ಬಡ್ ಎಂಬ ಕಂತು ಹಾಕಿದರು. ಅದು ಆರ್ಸನ್ ವೆಲ್ಸ್‌ನ ಸಿಟಿಜನ್ ಕೇನ್‌ನ ಅಣಕ, 1941ರ ಸಿನಿಮಾ. ಸಾಯುವ ಶ್ರೀಮಂತ ಕೊನೆಯುಸಿರಿನಲ್ಲಿ ಹೇಳಿದ ಒಂದು ಪದದ ಬೆನ್ನು ಹತ್ತಿ ಇಡೀ ಸಿನಿಮಾ ಓಡುತ್ತದೆ. ಕಾರ್ಟೂನಿನಲ್ಲಿ ಊರಿನ ಜಿಪುಣ ಮುದುಕ ಬರ್ನ್ಸ್ ಹಾಗೇ ಹಲುಬುತ್ತಾನೆ, ಬಾಲ್ಯದಲ್ಲಿ ಹಿಮದಲ್ಲಿ ಬಿಟ್ಟುಬಂದ ಕರಡಿ ಬೊಂಬೆಗಾಗಿ. ಆ ಕರಡಿ ಕೊನೆಗೆ ಸಿಂಪ್ಸನ್ಸ್ ಮನೆಯ ಕೂಸಿನ ಕೈಸೇರುತ್ತದೆ. ಕೋಟ್ಯಧಿಪತಿ ಒಂದು ಕಡೆ, ಮಾತು ಬಾರದ ಕೂಸು ಇನ್ನೊಂದು ಕಡೆ, ನಡುವೆ ಒಂದು ಹಳೇ ಬೊಂಬೆ. ಸಿಟಿಜನ್ ಕೇನ್ ನೋಡದಿದ್ದರೂ ಈ ಜಗಳಕ್ಕೆ ನಗು ಬರುತ್ತದೆ. ಕೊನೆಗೆ ಸ್ವಲ್ಪ ಕರುಳೂ ಚುರುಕ್ ಅನ್ನುತ್ತದೆ. ನನ್ನ ಮಟ್ಟಿಗೆ ಇಡೀ ಧಾರಾವಾಹಿಯಲ್ಲಿ ಇದಕ್ಕಿಂತ ಚೆನ್ನಾಗಿ ಕಟ್ಟಿದ ಅಣಕ ಕಡಿಮೆ.

ಹಾಗಾಗಿ ನಾನು ಸ್ಕ್ರಿಪ್ಟ್ ಮೇಜಿನ ಮೇಲೆ ಮಾಡುವ ಪರೀಕ್ಷೆ ಒಂದೇ. ಮೂಲವನ್ನು ಕೈಯಲ್ಲಿ ಮುಚ್ಚಿಟ್ಟು ದೃಶ್ಯ ಓದುತ್ತೇನೆ. ನಿಂತರೆ ಸರಿ. ಬಿದ್ದು ಹೋದರೆ ಅದು ಅಣಕವಲ್ಲ, ಸುಮ್ನೆ ‘ನಾನೂ ಆ ಸಿನಿಮಾ ನೋಡಿದ್ದೇನೆ’ ಅನ್ನುವ ಜಂಭ. ಅಮೆರಿಕದ ಕಾರ್ಟೂನ್‌ಗಳಲ್ಲೂ ಈ ಜಂಭಕ್ಕೆ ಬರವಿಲ್ಲ. 1999ರಲ್ಲಿ ಶುರುವಾದ ಫ್ಯಾಮಿಲಿ ಗೈಯಲ್ಲಿ ಕಥೆ ಅರ್ಧಕ್ಕೆ ನಿಲ್ಲುತ್ತದೆ, ಒಬ್ಬ ‘ಆವತ್ತು ಹೀಗಾಗಿತ್ತಲ್ಲ’ ಅಂತಾನೆ, ದೃಶ್ಯ ಎಲ್ಲಿಗೋ ಹಾರುತ್ತದೆ, ಯಾವುದೋ ಹಳೇ ನಟ ಬಂದು ಹೋಗುತ್ತಾನೆ. ಕೆಲವು ಸಲ ಚೆನ್ನಾಗಿರುತ್ತದೆ, ಬಹಳ ಸಲ ಖೋಲಿಯೇ ಇಲ್ಲದ ಅಟ್ಟ. ಇದನ್ನು ಸೌತ್ ಪಾರ್ಕ್ ಎಂಬ ಇನ್ನೊಂದು ಕಾರ್ಟೂನಿನವರು 2006ರಲ್ಲಿ ಲೇವಡಿ ಮಾಡಿದರು: ಫ್ಯಾಮಿಲಿ ಗೈಯನ್ನು ಬರೆಯೋದು ನೀರಿನ ತೊಟ್ಟಿಯಲ್ಲಿರುವ ಕಡಲಹಸು (ಮ್ಯಾನಟೀ) ಎಂಬ ಪ್ರಾಣಿಗಳಂತೆ! ಪದ ಬರೆದ ಚೆಂಡುಗಳನ್ನು ಅವು ಮೂತಿಯಿಂದ ತಳ್ಳಿದ ಹಾಗೆ ಜೋಕ್ ತಯಾರು. ಅಣಕದವರನ್ನೇ ಅಣಕಿಸಿದ ಅಣಕ. (ಸೌತ್ ಪಾರ್ಕ್ ನಿಮ್ಮ ಮಗನ ವಯಸ್ಸಿಗೆ ಅಲ್ಲ. ಚಿತ್ರ ನೋಡಿ ಮಕ್ಕಳದು ಅಂದುಕೊಳ್ಳಬೇಡಿ.)

ಕಾರ್ಟೂನ್‌ಗಳಲ್ಲೇ ಅಣಕ ಇಷ್ಟೊಂದು ಏಕೆ? ಕಾರಣ ಬಹಳ ಸರಳ: ಖರ್ಚು. ಸಿಟಿಜನ್ ಕೇನ್‌ನ ಅರಮನೆಯನ್ನು ಹಾಸ್ಯ ಧಾರಾವಾಹಿಯವರು ನಿಜವಾಗಿ ಕಟ್ಟಬೇಕಾದರೆ ನಿರ್ಮಾಪಕ ಓಡಿಹೋಗುತ್ತಾನೆ. ಚಿತ್ರ ಬರೆಯುವವನಿಗೆ ಅರಮನೆಯೂ ಅಷ್ಟೇ, ಅಡುಗೆಮನೆಯೂ ಅಷ್ಟೇ. ಮೂಲ ಸಿನಿಮಾದ ಅದೇ ಕ್ಯಾಮೆರಾ ಕೋನ, ಅದೇ ನೆರಳು, ಅದೇ ಮೆಟ್ಟಿಲು, ಎಲ್ಲವನ್ನೂ ಸ್ಟೋರಿಬೋರ್ಡ್‌ನಲ್ಲೇ, ಅಂದರೆ ದೃಶ್ಯಗಳ ಚಿತ್ರಪಟ್ಟಿಯಲ್ಲೇ, ಕೂರಿಸಬಹುದು. ನಟರ ಡೇಟ್ಸ್ ಕೇಳಬೇಕಿಲ್ಲ. ಅರ್ನಾಲ್ಡ್ ಶ್ವಾರ್ಜ್‌ನೆಗರ್‌ನನ್ನು ಕರೆಸುವ ಬದಲು ರೈನಿಯರ್ ವುಲ್ಫ್‌ಕ್ಯಾಸಲ್ ಅಂತ ಒಬ್ಬ ದಪ್ಪ ತೋಳಿನ ನಟನನ್ನು ಬರೆದರು, ಹ್ಯಾರಿ ಶಿಯರರ್ ದನಿ ಕೊಟ್ಟರು, ಕೆಲಸ ಮುಗಿಯಿತು. ಸಂಗೀತಕ್ಕೆ ಮಾತ್ರ ಜಿಪುಣತನ ಮಾಡಲಿಲ್ಲ. 1990ರಿಂದ 2017ರವರೆಗೆ ಆಲ್ಫ್ ಕ್ಲಾಸೆನ್ ನಿಜವಾದ ವಾದ್ಯವೃಂದ ಕೂರಿಸಿ ನುಡಿಸಿದರು. ನಗುವಿನ ದೃಶ್ಯಕ್ಕೆ ನಗುವಿನ ಸಂಗೀತ ಹಾಕಿದರೆ ಕೆಲಸ ಕೆಡುತ್ತದೆ. ಸಂಗೀತ ಗಂಭೀರವಾಗಿ ಮುಖ ಗಂಟು ಹಾಕಿಕೊಂಡಿದ್ದರೆ ಮಾತ್ರ ಅಣಕ ಕೂರುತ್ತದೆ.

ಹಾಗಿದ್ದೂ ಯಾವುದನ್ನು ಅಣಕಿಸಬೇಕು ಅನ್ನೋದನ್ನು ಸಮಯವೇ ನಿರ್ಧರಿಸುತ್ತದೆ. ಸಿಂಪ್ಸನ್ಸ್‌ನ ಒಂದು ಕಂತು ಬರೆದು, ದನಿ ತುಂಬಿ, ಚಿತ್ರ ಬಿಡಿಸಿ ಮುಗಿಸಲು ಆರು ತಿಂಗಳಿಗೂ ಜಾಸ್ತಿ ಬೇಕು. ಈ ವಾರದ ಸುದ್ದಿ ಹಾಕಿದರೆ ಪರದೆಗೆ ಬರುವಾಗ ಹಳಸಿರುತ್ತದೆ. ಅದಕ್ಕೇ ಅವರು ಹಳೇ, ಗಟ್ಟಿ ಸಿನಿಮಾಗಳ ಕಡೆ ಕೈ ಹಾಕಿದರು. ಸೌತ್ ಪಾರ್ಕ್‌ನವರು ಸುಮಾರು ಆರು ದಿನದಲ್ಲಿ ಕಂತು ಮುಗಿಸುತ್ತಾರೆ, ಅವರಿಗೆ ಈ ವಾರದ ಸುದ್ದಿಯೇ ಊಟ. ಮುಂಬೈಯಲ್ಲಿ ನಮ್ಮ ಕಣ್ಣೆದುರೇ ಇದಕ್ಕಿಂತ ಚುರುಕಿನ ಅಣಕ ಇದೆಯಲ್ಲ, ಅಮುಲ್ ಹುಡುಗಿಯ ಹೋರ್ಡಿಂಗ್. 1966ರಿಂದ ಬೆಣ್ಣೆ ಮಾರುತ್ತಾ ಸಿನಿಮಾ, ಕ್ರಿಕೆಟ್, ರಾಜಕೀಯ ಎಲ್ಲವನ್ನೂ ಚಿವುಟುತ್ತಾ ಬಂದಿದ್ದಾಳೆ. ವಾರ ಕಳೆದರೆ ಅರ್ಧ ಜೋಕ್ ಮರೆತುಹೋಗುತ್ತದೆ, ಯಾರಿಗೂ ಬೇಜಾರಿಲ್ಲ. ಹೋರ್ಡಿಂಗ್‌ಗೆ ವಾರದ ಆಯುಸ್ಸು ಸಾಕು.

ಈಗ ಕಳ್ಳತನದ ಮಾತು. ನೀವು ಕೇಳಿದ್ದು ಸರಿಯಾದ ಪ್ರಶ್ನೆ, ಇದು ಅಮೆರಿಕದ ಸುಪ್ರೀಂ ಕೋರ್ಟ್‌ವರೆಗೂ ಹೋಗಿದೆ. 2 ಲೈವ್ ಕ್ರೂ ಅನ್ನುವ ರ‍್ಯಾಪ್ ತಂಡ ಪ್ರಿಟಿ ವುಮನ್ ಹಾಡನ್ನು ಅಣಕಿಸಿತ್ತು, ಹಾಡಿನ ಹಕ್ಕಿದ್ದ ಕಂಪನಿ ಕೇಸು ಹಾಕಿತು. 1994ರಲ್ಲಿ ಕೋರ್ಟು ಹೇಳಿದ್ದರ ಸಾರ: ದುಡ್ಡಿಗಾಗಿ ಮಾಡಿದ್ದು ಅನ್ನುವ ಒಂದೇ ಕಾರಣಕ್ಕೆ ಅಣಕ ತಪ್ಪಾಗುವುದಿಲ್ಲ. ಮೂಲದ ಬಗ್ಗೆಯೇ ಏನೋ ಹೇಳಬೇಕಾದರೆ ಮೂಲದಿಂದ ಸ್ವಲ್ಪ ಎತ್ತಿಕೊಳ್ಳಲೇ ಬೇಕು. ನಮ್ಮ 1957ರ ಕೃತಿಸ್ವಾಮ್ಯ ಕಾಯಿದೆಯಲ್ಲಿ ಅಣಕ ಅನ್ನುವ ಪದ ಇಲ್ಲ. 52ನೇ ಸೆಕ್ಷನ್‌ನಲ್ಲಿ ಟೀಕೆ, ವಿಮರ್ಶೆಗಾಗಿ ನ್ಯಾಯವಾಗಿ ಬಳಸಿಕೊಳ್ಳಲು ಅವಕಾಶ ಇದೆ. ಕೇರಳದಲ್ಲಿ ಒಂದು ಹೆಸರಾದ ನಾಟಕಕ್ಕೆ ಎದುರಾಗಿ ಅದರದೇ ಪಾತ್ರ, ಮಾತು ಬಳಸಿ ಪ್ರತಿನಾಟಕ ಬರೆದಾಗ, 1996ರಲ್ಲಿ ಅಲ್ಲಿನ ಹೈಕೋರ್ಟು ಟೀಕೆಗಾಗಿ ಬಳಸಿದ್ದನ್ನು ನಕಲು ಎನ್ನಲಾಗದು ಎಂಬ ವಾದವನ್ನು ಮನ್ನಿಸಿತು. ಕಾನೂನಿನ ಮಾತು ಇಷ್ಟು ಸಾಕು, ನಾನು ವಕೀಲನಲ್ಲ.

ಆದರೆ ನಕಲು, ರೀಮೇಕ್, ಅಣಕ ಈ ಮೂರೂ ಬೇರೆ ಅನ್ನೋದಕ್ಕೆ ನಮ್ಮ ಸುತ್ತಲಿನದೇ ಉದಾಹರಣೆ ಇದೆ. 2010ರಲ್ಲಿ ತಮಿಳಿನಲ್ಲಿ ಸಿಂಗಂ ಬಂತು. 2011ರಲ್ಲಿ ಅದೇ ಕಥೆ ಕನ್ನಡದಲ್ಲಿ ಸುದೀಪ್ ಅವರ ಕೆಂಪೇಗೌಡ ಆಯಿತು, ಅದೇ ವರ್ಷ ಹಿಂದಿಯಲ್ಲಿ ರೋಹಿತ್ ಶೆಟ್ಟಿಯವರ ಸಿಂಘಂ ಆಗಿ ಗೋವಾಕ್ಕೆ ಹೋಯಿತು. ಖಳನಾಗಿ ಮೂರು ಭಾಷೆಯ ಪೈಕಿ ಎರಡರಲ್ಲಿ ನಮ್ಮ ಪ್ರಕಾಶ್ ರೈ! 2018ರಲ್ಲಿ ಅದೇ ಪೊಲೀಸ್ ಚಿಕ್ಕ ಹುಡುಗನಾಗಿ ಲಿಟಲ್ ಸಿಂಘಂ ಎಂಬ ಕಾರ್ಟೂನ್ ಆದ. ಹಕ್ಕು ಕೊಂಡು ಮಾಡಿದ್ದು, ಎಲ್ಲವೂ ನ್ಯಾಯವಾಗಿದೆ. ಆದರೆ ಇದರಲ್ಲಿ ಎಲ್ಲೂ ಅಣಕ ಇಲ್ಲ. ಪೊಲೀಸನ ಅಬ್ಬರವನ್ನು ನೋಡಿ ಯಾರೂ ‘ಅಲ್ಲಾ ಸ್ವಾಮಿ, ಒಂದೇ ಏಟಿಗೆ ಹತ್ತು ಜನ ಹಾರಿ ಬೀಳೋದು ಹೇಗೆ?’ ಅಂತ ಕೇಳುವುದಿಲ್ಲ. ಅಣಕ ಕೇಳುತ್ತದೆ.

ಅಪುವಿನ ಬಗ್ಗೆ ನಿಮಗೆ ಆದ ಕಸಿವಿಸಿ ನನಗೂ ಆಗಿದೆ. ಇದರಲ್ಲಿ ಸ್ವಲ್ಪ ನಿಲ್ಲಬೇಕು, ಯಾಕಂದರೆ ಅಪುವೇ ಒಂದು ಉಲ್ಲೇಖ. ಅವನ ಹೆಸರು ಬಂದಿದ್ದು ಸತ್ಯಜಿತ್ ರಾಯ್ ಅವರ ಅಪು ಚಿತ್ರತ್ರಯದಿಂದ. 1955ರ ಪಥೇರ್ ಪಾಂಚಾಲಿಯಲ್ಲಿ ಕಾಶದ ಹೂವಿನ ನಡುವೆ ರೈಲು ನೋಡಲು ಓಡಿದ ಹುಡುಗನ ಹೆಸರು, 1990ರಲ್ಲಿ ಅಮೆರಿಕದ ಕಾರ್ಟೂನಿನಲ್ಲಿ ಹಗಲೂ ರಾತ್ರಿ ತೆರೆದಿರುವ ಅಂಗಡಿಯವನಿಗೆ ಬಂತು. ಬರೆದವರು ರಾಯ್ ಅವರ ಸಿನಿಮಾ ಬಲ್ಲವರು ಅನ್ನೋದು ಸ್ಪಷ್ಟ. ಅಪು ಓದಿದ್ದು ‘ಕ್ಯಾಲ್‌ಟೆಕ್’ನಲ್ಲಿ, ಅಂದರೆ ಅಮೆರಿಕದ ಹೆಸರಾಂತ ವಿಜ್ಞಾನ ಸಂಸ್ಥೆಯಲ್ಲ, ಕಲ್ಕತ್ತಾ ಟೆಕ್ನಿಕಲ್! ಈ ಜೋಕ್‌ಗೆ ನಾನು ಈಗಲೂ ನಗುತ್ತೇನೆ. ಎರಡೂ ಕಡೆಯವರ ಜಂಭಕ್ಕೆ ಸೂಜಿ ಚುಚ್ಚುವಂಥದು ಅದು.

ತೊಂದರೆ ದನಿಯಲ್ಲಿದೆ. ದನಿ ಕೊಟ್ಟ ಹ್ಯಾಂಕ್ ಅಜಾರಿಯಾ ಭಾರತೀಯರಲ್ಲ. ಪೀಟರ್ ಸೆಲರ್ಸ್ 1968ರ ದಿ ಪಾರ್ಟಿ ಸಿನಿಮಾದಲ್ಲಿ ಮುಖಕ್ಕೆ ಬಣ್ಣ ಬಳಿದುಕೊಂಡು ಮಾಡಿದ ಭಾರತೀಯ ನಟನ ಪಾತ್ರದ ನೆರಳು ಅಪುವಿನ ಮಾತಿನ ಮೇಲಿದೆ ಎಂದು ಅಜಾರಿಯಾ ಅವರೇ ಹೇಳಿದ್ದಾರೆ. ಅಂದರೆ ಇಲ್ಲಿ ಅಣಕಿಸಿದ್ದು ಒಂದು ಸಿನಿಮಾವನ್ನಲ್ಲ, ಒಂದು ಜನರ ಮಾತಿನ ರೀತಿಯನ್ನು, ಅದೂ ಎರಡನೇ ಕೈಯಿಂದ. ಅಮೆರಿಕದ ಶಾಲೆಗಳಲ್ಲಿ ಓದಿದ ಭಾರತೀಯ ಮಕ್ಕಳನ್ನು ಉಳಿದವರು ಅದೇ ದನಿಯಲ್ಲಿ ಕಾಡಿಸಿದರು. 2017ರಲ್ಲಿ ಹರಿ ಕೊಂಡಬೋಲು ಎಂಬ ಹಾಸ್ಯಗಾರ ಇದನ್ನೇ ಹಿಡಿದು ಸಾಕ್ಷ್ಯಚಿತ್ರ ಮಾಡಿದರು. 2020ರಲ್ಲಿ ಅಜಾರಿಯಾ ಇನ್ನು ಆ ದನಿ ಕೊಡುವುದಿಲ್ಲ ಎಂದರು.

ಆದರೆ ಬರೀ ಅಮೆರಿಕದವರನ್ನು ಬೈದು ಕೂರುವ ಹಾಗಿಲ್ಲ. ಅದೇ 1968ರಲ್ಲಿ ಇಲ್ಲೇ ಮುಂಬೈಯಲ್ಲಿ ಪಡೋಸನ್ ತೆರೆಗೆ ಬಂತು. ಮೆಹಮೂದ್ ಅವರ ದಕ್ಷಿಣದ ಸಂಗೀತ ಮೇಷ್ಟ್ರು, ಜುಟ್ಟು, ಪಂಚೆ, ಎಳೆದೆಳೆದು ಆಡುವ ಹಿಂದಿ. ನಾನೂ ನಕ್ಕಿದ್ದೇನೆ, ಮೆಹಮೂದ್ ಅಷ್ಟು ಚೆನ್ನಾಗಿ ಮಾಡಿದ್ದಾರೆ. ಆದರೆ ಅದರ ಬಡ್ಡಿ ಕಟ್ಟಿದವರು ನಾವು. ಇಲ್ಲಿ ಬೆಳೆದ ಯಾವ ಕನ್ನಡ, ತುಳು ಹುಡುಗನನ್ನಾದರೂ ಕೇಳಿ, ಶಾಲೆಯಲ್ಲಿ ಒಮ್ಮೆಯಾದರೂ ‘ಅಯ್ಯಯ್ಯೋ ಅಣ್ಣಾ, ಇಡ್ಲಿ ವಡಾ’ ಕೇಳಿಸಿಕೊಂಡಿರುತ್ತಾನೆ. ಉಡುಪಿ ಹೋಟೆಲಿನ ಶೆಟ್ಟರು ಹಿಂದಿ ಕಾಮಿಡಿಯಲ್ಲಿ ಯಾವತ್ತೂ ಲುಂಗಿ ಎತ್ತಿ ಕಟ್ಟಿಕೊಂಡೇ ಬರುತ್ತಾರೆ. ಈಗಿನ ಮಕ್ಕಳ ಕಾರ್ಟೂನ್‌ಗೂ ಅದು ಬಂದಿದೆ. ಮುಂಬೈಯಲ್ಲೇ ತಯಾರಾಗುವ ಮೋಟು ಪತ್ಲು 2012ರಿಂದ ಬರುತ್ತಿದೆ. ಅದರ ಇನ್‌ಸ್ಪೆಕ್ಟರ್ ಚಿಂಗಂ ನೋಡಿದ್ದೀರಲ್ಲ, ದಕ್ಷಿಣದ ಧಾಟಿಯ ಹಿಂದಿ, ರಜನಿಕಾಂತ್ ಥರದ ಗತ್ತು.

ಚಿಂಗಂ ಬಗ್ಗೆ ನನಗೆ ಎರಡು ಮನಸ್ಸು. ರಜನಿ ಶೈಲಿಯ ಗತ್ತನ್ನು ಅವನ ಮೇಲೆ ಹಾಕಿದಾಗ ಅದು ಅಣಕ. ಆ ಗತ್ತು ನಿಜಕ್ಕೂ ಅಣಕಿಸುವಷ್ಟು ದೊಡ್ಡದು, ರಜನಿಯವರಿಗೂ ಅದರಿಂದ ಏನೂ ಕಡಿಮೆ ಆಗುವುದಿಲ್ಲ. ಬರೀ ಉಚ್ಚಾರಣೆಯನ್ನೇ ನಗುವಿಗೆ ಇಟ್ಟಾಗ ಅಲ್ಲಿ ಮೂಲವೇ ಇಲ್ಲ, ಇರೋದು ನಿಮ್ಮ ನನ್ನ ನಾಲಿಗೆ. ಮುಚ್ಚಿಟ್ಟು ನೋಡುವ ಪರೀಕ್ಷೆಯನ್ನು ಇಲ್ಲೂ ಮಾಡಿ. ಉಚ್ಚಾರಣೆ ತೆಗೆದು ಸಾಮಾನ್ಯ ಹಿಂದಿಯಲ್ಲಿ ಅದೇ ಮಾತು ಹೇಳಿಸಿ. ಆಗಲೂ ನಗು ಬಂದರೆ ಬರೆದವನು ಕೆಲಸ ಮಾಡಿದ್ದಾನೆ.

ನನ್ನದೂ ಒಂದು ತಪ್ಪು ಹೇಳಿಬಿಡುತ್ತೇನೆ. ಒಂದು ವಿದೇಶಿ ಕಾರ್ಟೂನಿಗೆ ಹಿಂದಿ ಮಾತು ಬರೆಯುತ್ತಿದ್ದೆ. ಒಬ್ಬ ಮುದುಕ ಖಾಲಿ ಮನೆಯಲ್ಲಿ ಓಡಾಡುತ್ತಾ ಅಲ್ಲಿನ ಯಾವುದೋ ಹಳೇ ಜಾಹೀರಾತಿನ ಹಾಡು ಗುನುಗುತ್ತಾನೆ. ಇಲ್ಲಿ ಅದು ಯಾರಿಗೂ ಗೊತ್ತಿಲ್ಲ. ನಾನು ಜಾಣನಂತೆ ನಮ್ಮ ಬಟ್ಟೆ ಸೋಪಿನ ಪುಡಿಯ ಜಾಹೀರಾತಿನ ಧಾಟಿ ಹಾಕಿದೆ. ರೆಕಾರ್ಡಿಂಗ್‌ನಲ್ಲಿ ಎಲ್ಲರೂ ಗೊಳ್ಳೆಂದು ನಕ್ಕರು. ಪರದೆಯಲ್ಲಿ ನೋಡಿದಾಗ ಗೊತ್ತಾಯಿತು, ಆ ದೃಶ್ಯ ನಗಿಸಲು ಇದ್ದದ್ದೇ ಅಲ್ಲ. ಮುದುಕನ ಒಂಟಿತನ ತೋರಿಸಲು ಇಟ್ಟ ಹಾಡು ಅದು. ಗುರುತು ಸಿಗಲಿ ಅಂತ ಅಟ್ಟ ಕಟ್ಟಲು ಹೋಗಿ ಕೆಳಗಿನ ಖೋಲಿಯನ್ನೇ ಕೆಡವಿದ್ದೆ. ಈಗ ಹೀಗೆ ಬಂದರೆ ಯಾವುದಾದರೂ ಹಳೇ ಭಾವಗೀತೆಯ ಹಾಗೆ ಕೇಳಿಸುವ ಎರಡು ಸಾಲು ಗುನುಗಿಸಿ ಬಿಟ್ಟುಬಿಡುತ್ತೇನೆ.

ಅಣಕವನ್ನೇ ಮೊದಲು ನೋಡಿದರೆ ಮೂಲದ ರುಚಿ ಕೆಡುತ್ತದಾ ಅಂತ ಕೆಲವು ಪೋಷಕರು ಕೇಳುತ್ತಾರೆ, ನೀವು ಕೇಳಿಲ್ಲ. ಸ್ವಲ್ಪ ಕೆಡುತ್ತದೆ. ಹಿಚ್‌ಕಾಕ್‌ನ 1960ರ ಸೈಕೋ ಸಿನಿಮಾದ ಬಚ್ಚಲುಮನೆ ದೃಶ್ಯ ಈಗ ಯಾರನ್ನೂ ಮೊದಲ ಸಲದ ಹಾಗೆ ಹೆದರಿಸುವುದಿಲ್ಲ. ಆ ಕೀಂ ಕೀಂ ಪಿಟೀಲಿನಂಥ ಸದ್ದನ್ನು ನಮ್ಮ ಧಾರಾವಾಹಿಗಳು ಅತ್ತೆ ತಿರುಗಿ ನೋಡಿದಾಗಲೆಲ್ಲ ಹಾಕಿ ಹಾಕಿ ಸವೆಸಿವೆ. ಆದರೆ ಅಣಕ ಇಲ್ಲದಿದ್ದರೆ ಹದಿನಾಲ್ಕರ ಹುಡುಗನಿಗೆ 1941ರ ಕಪ್ಪು ಬಿಳುಪು ಸಿನಿಮಾದ ಹೆಸರೇ ಗೊತ್ತಾಗುತ್ತಿರಲಿಲ್ಲ. ಅಸಲನ್ನು ನೋಡಿ ‘ಅರೆ, ಇದನ್ನು ಸಿಂಪ್ಸನ್ಸ್‌ನಿಂದ ಕದ್ದಿದ್ದಾರೆ’ ಎಂದು ಅವನು ಕೂಗಿದರೆ ನಕ್ಕು ಸುಮ್ಮನಿರಿ. 1960ರ ಸೈಕೋ ಮೊದಲು, 1990ರ ಸಿಂಪ್ಸನ್ಸ್ ಆಮೇಲೆ ಅಂತ ಲೆಕ್ಕ ಅವನೇ ಮಾಡಿಕೊಳ್ಳುತ್ತಾನೆ.

ನೀವು ನೋಡಬೇಕಾದ ಕಂತು ಒಂದಿದೆ. 1990ರ ಡಿಸೆಂಬರ್‌ನದು, ಹೆಸರು ಇಚ್ಚಿ ಅಂಡ್ ಸ್ಕ್ರಾಚಿ ಅಂಡ್ ಮಾರ್ಜ್. ಇಚ್ಚಿ, ಸ್ಕ್ರಾಚಿ ಅಂದರೆ ಸಿಂಪ್ಸನ್ಸ್ ಮಕ್ಕಳು ಟಿವಿಯಲ್ಲಿ ನೋಡುವ ಇಲಿ-ಬೆಕ್ಕು. ಟಾಮ್ ಅಂಡ್ ಜೆರ್ರಿ ಥರದ್ದೇ, ಆದರೆ ಹೊಡೆತಕ್ಕೆ ನಿಜವಾಗಿ ರಕ್ತ ಬರುತ್ತದೆ. ಅದನ್ನು ನೋಡಿದ ಕೂಸು ಕೊಡತಿ ಎತ್ತಿ ಅಪ್ಪನ ತಲೆಗೆ ಬಿಡುತ್ತದೆ. ಆ ಪೆಟ್ಟನ್ನು ಸೈಕೋದ ಬಚ್ಚಲುಮನೆ ದೃಶ್ಯದ ಹಾಗೇ, ಒಂದೊಂದು ಕೋನವನ್ನೂ ಹಿಡಿದು ಬರೆದಿದ್ದಾರೆ. ಅಮ್ಮ ಮಾರ್ಜ್ ಸಿಟ್ಟಾಗಿ ಮಕ್ಕಳ ಕಾರ್ಟೂನ್ ವಿರುದ್ಧ ಊರನ್ನೇ ಎಬ್ಬಿಸುತ್ತಾಳೆ, ಗೆಲ್ಲುತ್ತಾಳೆ ಕೂಡ. ಆಮೇಲೆ ಅವಳ ಜೊತೆಗಿದ್ದವರೇ ಮೈಕೆಲೇಂಜೆಲೋನ ಬೆತ್ತಲೆ ಡೇವಿಡ್ ಪ್ರತಿಮೆಯನ್ನೂ ಊರಿಗೆ ಬಿಡಬೇಡಿ ಅಂತ ಬರುತ್ತಾರೆ. ಪಾಪ, ಅವಳಿಗೆ ಡೇವಿಡ್ ಇಷ್ಟ. ಆಗ ಅವಳ ಮುಖ ನೋಡಬೇಕು.

ನಿಮ್ಮ ಕಡೆಯಿಂದಲೂ ಒಂದು ಪಾಠ ಅವನಿಗೆ ಕೊಡಬಹುದು. 1977ರ ಬಭ್ರುವಾಹನದಲ್ಲಿ ಅಪ್ಪ ಅರ್ಜುನ, ಮಗ ಬಭ್ರುವಾಹನ, ಇಬ್ಬರೂ ರಾಜ್‌ಕುಮಾರ್. ಎದುರು ಬದುರು ನಿಂತು ಹಾಡಿನಲ್ಲೇ ಜಗಳ ಆಡುತ್ತಾರೆ. ಅದನ್ನು ಅವನಿಗೆ ತೋರಿಸಿ, ಆಮೇಲೆ ಅದೇ ಧಾಟಿಯಲ್ಲಿ ಮೊಬೈಲ್ ಚಾರ್ಜರ್‌ಗಾಗಿ ನಿಮ್ಮಿಬ್ಬರ ಜಗಳ ಬರೆಯಲು ಹೇಳಿ. ಕನ್ನಡ ಓದಲು ಬಾರದಿದ್ದರೆ ದೇವನಾಗರಿಯಲ್ಲೇ ಬರೆಯಲಿ, ಪರವಾಗಿಲ್ಲ.

ಕೊನೆಗೆ ನಿಮಗೆ ನಗು ಬಾರದಿರಲು ಇನ್ನೊಂದು ಸಣ್ಣ ಕಾರಣವೂ ಇರಬಹುದು: ಮೊಬೈಲ್. ಸಿಂಪ್ಸನ್ಸ್‌ನ ಅರ್ಧ ಜೋಕ್‌ಗಳು ಅಂಗಡಿ ಬೋರ್ಡಿನಲ್ಲಿ, ಚರ್ಚಿನ ಫಲಕದಲ್ಲಿ, ಹಿಂದಿನ ಗೋಡೆಯ ಪೋಸ್ಟರ್‌ನಲ್ಲಿ ಇರುತ್ತವೆ. ಒಂದೇ ಸೆಕೆಂಡು ಕಾಣುತ್ತವೆ, ಜನ ವಿಸಿಆರ್‌ನಲ್ಲಿ ನಿಲ್ಲಿಸಿ ನಿಲ್ಲಿಸಿ ನೋಡುತ್ತಿದ್ದ ಕಾಲದಿಂದಲೂ ಅವು ಹಾಗೇ. ಅಂಗೈಯಗಲದ ಪರದೆಯಲ್ಲಿ, ಮಗನ ಭುಜದ ಹಿಂದಿನಿಂದ, ಸಬ್‌ಟೈಟಲ್ ಮೇಲೆ ಕಣ್ಣಿಟ್ಟರೆ ಒಂದೂ ಕಾಣುವುದಿಲ್ಲ. ಟಿವಿಗೆ ಹಾಕಿ, ರಿಮೋಟ್ ನಿಮ್ಮ ಕೈಯಲ್ಲಿ ಇಟ್ಟುಕೊಳ್ಳಿ. ಬೋರ್ಡ್ ಕಂಡ ಕೂಡಲೇ ಪಾಜ್ ಒತ್ತಿ. ಅವನು ಗೊಣಗುತ್ತಾನೆ, ಗೊಣಗಲಿ.